ಎನ್ಕೊಮಿಯೆಂಡಾಗೆ ಕನ್ನಡದಲ್ಲಿ ಏನನ್ನೋಣ? 'ಜಹಗೀರು' ಸರಿ ಹೊಂದುತ್ತದೆಯೇ?

ಹೊಸಗನ್ನಡಿ · ಶನಿವಾರ, ಬೆಳಗ್ಗೆ 10:12

ಒಂದು ಪದಕ್ಕಾಗಿ ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ತಲೆಯನ್ನೂ ಒಂದಿಷ್ಟು ತಿನ್ನೋಣ ಅಂತ ಬಂದೆ.

ಸ್ಪೇನಿನವರು ಮೆಕ್ಸಿಕೊ, ಪೆರು ಕಡೆ ಮೂಲನಿವಾಸಿಗಳ ನೆಲವನ್ನೂ ದುಡಿಮೆಯನ್ನೂ ಹೇಗೆ ಕೈವಶ ಮಾಡಿಕೊಂಡರು ಅನ್ನುವ ಬಗ್ಗೆ ಪದವಿ ತರಗತಿಯ ಹುಡುಗರಿಗೆ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ 'ಎನ್ಕೊಮಿಯೆಂಡಾ' ಅಡ್ಡ ನಿಂತಿದೆ. ಸ್ಪ್ಯಾನಿಷಿನಲ್ಲಿ 'ಎನ್ಕೊಮೆಂದಾರ್' ಅಂದರೆ ವಹಿಸಿಕೊಡು, ಒಪ್ಪಿಸು. ಯುದ್ಧ ಗೆದ್ದು ಬಂದವನಿಗೆ ದೊರೆ ಇಷ್ಟು ಮಂದಿಯನ್ನು ಒಪ್ಪಿಸುತ್ತಾನೆ. ಅವರ ಕಪ್ಪ, ದುಡಿಮೆ ಇವನದು. ಬದಲಿಗೆ ಇವನು ಅವರನ್ನು ಕಾಯಬೇಕು, ಕ್ರೈಸ್ತ ಧರ್ಮ ಕಲಿಸಬೇಕು. ನಾನು 'ಜಹಗೀರು' ಅಂತ ಬರೆದು ಮುಂದೆ ಹೋದೆ. ಈಗ ಪ್ರತಿ ಪುಟದಲ್ಲೂ ಆ ಪದ ಕಾಲಿಗೆ ತೊಡರುತ್ತಿದೆ. ಇನಾಂ, ಉಂಬಳಿ, ಪಾಳೆಯಪಟ್ಟು, ಯಾವುದೂ ಕೂರುತ್ತಿಲ್ಲ.

ಇನ್ನೊಂದು 'ಮಿತಾ'. ಪೆರುವಿನ ಗಣಿಗಳಿಗೆ ಸರದಿಯ ಮೇಲೆ ಜನರನ್ನು ಎಳೆದೊಯ್ಯುತ್ತಿದ್ದ ಪದ್ಧತಿ. ಇದನ್ನು 'ಬಿಟ್ಟಿ' ಅನ್ನಲೇ, 'ಜೀತ' ಅನ್ನಲೇ?

ರಾಗಿಮುದ್ದೆ · 10:20

ಹಾಗೇ ಬಿಡಿ ಸಾರ್. ಕೋರ್ಟು, ಕಚೇರಿ, ತಹಸೀಲ್ದಾರ್ ಎಲ್ಲಾ ನುಂಗಿ ಅರಗಿಸಿಕೊಂಡ ಭಾಷೆ ಇದು. ಎನ್ಕೊಮಿಯೆಂಡಾ ಯಾವ ಮಹಾ.

ಹಳೇಮೇಷ್ಟ್ರು · 11:05

ಜಹಗೀರು ಬೇಡ. ಆ ಪದ ಕೇಳಿದ ಕೂಡಲೇ ಕನ್ನಡದ ಓದುಗನ ಕಣ್ಣಿಗೆ ನೆಲ ಬರುತ್ತದೆ. ಎನ್ಕೊಮಿಯೆಂಡಾದಲ್ಲಿ ಕಾನೂನಿನ ಪ್ರಕಾರ ಒಂದು ಗೇಣು ನೆಲವೂ ಇರಲಿಲ್ಲ. ಕೊಡುತ್ತಿದ್ದದ್ದು ಜನರನ್ನು. ಆ ಸನ್ನದಿನಲ್ಲಿ ಚಕ್ಕುಬಂದಿ ಹುಡುಕಿದರೆ ಸಿಗುವುದಿಲ್ಲ. ಇಂಥ ಊರಿನ ಇಂಥ ಮುಖಂಡ, ಅವನ ಕೈಕೆಳಗಿನ ಇಂಡಿಯನ್ನರು (ಅಲ್ಲಿನ ಮೂಲನಿವಾಸಿಗಳನ್ನು ಸ್ಪೇನಿನವರು ಹಾಗೆ ಕರೆಯುತ್ತಿದ್ದರು), ಇವರನ್ನು ನಿನಗೆ ವಹಿಸಿದೆ, ಇವರಿಗೆ ನಮ್ಮ ಧರ್ಮ ಕಲಿಸು ಅಂತ ಬರೆದಿರುತ್ತದೆ.

ಶುರುವಾದದ್ದು ಕೆರಿಬಿಯನ್ ದ್ವೀಪ ಹಿಸ್ಪನಿಯೋಲಾದಲ್ಲಿ. 1503ರಲ್ಲಿ ರಾಣಿ ಇಸಬೆಲ್ಲಾ ಹೊರಡಿಸಿದ ಆಜ್ಞೆಯನ್ನು ಒಮ್ಮೆ ಓದಬೇಕು. ಅಲ್ಲಿನ ಜನ ಸ್ವತಂತ್ರರು, ಗುಲಾಮರಲ್ಲ, ಅಂತ ಅದೇ ಹೇಳುತ್ತದೆ. ಅವರನ್ನು ಬಲವಂತವಾಗಿಯಾದರೂ ದುಡಿಸಿ, ಕೂಲಿ ಕೊಡಿ, ಅಂತಲೂ ಅದೇ ಹೇಳುತ್ತದೆ. ಮುಂದಿನ ಮುನ್ನೂರು ವರ್ಷದ ಕಥೆ ಈ ಎರಡು ಸಾಲುಗಳ ನಡುವೆ ಇದೆ.

1511ರ ಡಿಸೆಂಬರಿನಲ್ಲಿ ಸಾಂತೊ ದೊಮಿಂಗೊ ಪಟ್ಟಣದ ಚರ್ಚಿನಲ್ಲಿ ಆಂತೊನಿಯೊ ದೆ ಮೊಂತೆಸಿನೊಸ್ ಎಂಬ ಪಾದ್ರಿ ನಿಂತು, ಇವರು ಮನುಷ್ಯರಲ್ಲವೇ, ಇವರಿಗೆ ಆತ್ಮವಿಲ್ಲವೇ, ಅಂತ ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡವರನ್ನೇ ಕೇಳಿದ. ಊರು ಕೆಂಡವಾಯಿತು. ಮರುವರ್ಷವೇ ಬುರ್ಗೋಸ್ ಕಾನೂನು ಬಂತು. ಅದು ಎನ್ಕೊಮಿಯೆಂಡಾವನ್ನು ತೆಗೆದುಹಾಕಿತೇ? ಇಲ್ಲ. ಹೇಗೆ ನಡೆಸಬೇಕು ಅಂತ ನಿಯಮ ಬರೆಯಿತು. ಊಟ ಎಷ್ಟು, ರಜೆ ಎಷ್ಟು, ಗರ್ಭಿಣಿಯರನ್ನು ಗಣಿಗೆ ಕಳಿಸಬಾರದು, ಇತ್ಯಾದಿ. ಇಂಥ ನಿಯಮ ಬರೆಯಬೇಕಾಗಿ ಬಂತು ಅಂದರೆ ಏನು ನಡೆಯುತ್ತಿತ್ತು ಅಂತ ನೀವೇ ಊಹಿಸಿ.

ಧಾರವಾಡದ_ಮಳಿ · 11:31

ಮೇಷ್ಟ್ರ, ಒಂದು ತಕರಾರು. ನಮ್ಮ ಜಹಗೀರದಾರಗೂ ನೆಲದ ಮಾಲಕಿ ಎಲ್ಲಿತ್ರಿ? ವಸೂಲಿ ಹಕ್ಕಷ್ಟ. ನೆಲ ರೈತನ ಕೈಯಾಗ, ಹುಟ್ಟುವಳಿ ಜಹಗೀರದಾರನ ಪಾಲಿಗೆ. ಹಂಗಿದ್ದ ಮ್ಯಾಲ ಪದ ಬರೋಬ್ಬರಿ ಐತಿ ಅಲ್ಲೇನು?

ಹಳೇಮೇಷ್ಟ್ರು · 11:58

ಒಳ್ಳೆ ತಕರಾರು. ಆದರೂ ಲೆಕ್ಕದ ಅಳತೆಗೋಲು ಬೇರೆ. ಜಹಗೀರಿನ ಲೆಕ್ಕ ನಡೆಯುವುದು ಹುಟ್ಟುವಳಿಯಲ್ಲಿ, ಇಷ್ಟು ಆದಾಯದ ಹಳ್ಳಿ ಅಂತ. ಇಲ್ಲಿ ಲೆಕ್ಕ ತಲೆಯದು. ಮೆಕ್ಸಿಕೊ ಗೆದ್ದ ಎರ್ನಾನ್ ಕೊರ್ತೆಸ್‌ಗೆ 1529ರಲ್ಲಿ ದೊರೆ ಕೊಟ್ಟದ್ದು 22 ಊರು, 23,000 ಒಕ್ಕಲು. ಪತ್ರದಲ್ಲಿ ಆ ತಲೆಸಂಖ್ಯೆಯೇ ಇದೆ. (ಅವನಿಗೆ ಮಾರ್ಕ್ವಿಸ್ ಪದವಿಯೂ ಸಿಕ್ಕಿದ್ದರಿಂದ ಅವನದು ಸ್ವಲ್ಪ ಬೇರೆ ಬಾಬತ್ತು, ಅದನ್ನು ಸದ್ಯ ಬಿಡಿ.)

ಇನ್ನೊಂದು: ಎನ್ಕೊಮೆಂದೆರೊಗಳಲ್ಲಿ, ಅಂದರೆ ಎನ್ಕೊಮಿಯೆಂಡಾ ಪಡೆದವರಲ್ಲಿ, ಎಲ್ಲರೂ ಸ್ಪೇನಿನವರಲ್ಲ. ಅಜ್ಟೆಕ್ ದೊರೆ ಮೊಕ್ಟೆಸುಮಾನ ಮಗಳು, ಕ್ರೈಸ್ತಳಾದ ಮೇಲೆ ದೋನ್ಯಾ ಇಸಬೆಲ್, ಅವಳಿಗೆ 1526ರಲ್ಲಿ ತಕೂಬಾ ಎನ್ಕೊಮಿಯೆಂಡಾ ಸಿಕ್ಕಿತು. ಅಪ್ಪನ ರಾಜ್ಯದ ಒಂದು ತುಂಡು ಮಗಳಿಗೆ ಪರದೊರೆಯ ಕೃಪೆಯಾಗಿ ವಾಪಸ್ ಬಂತು. ಇಂಥದ್ದಕ್ಕೆ ನಗಬೇಕೋ ಅಳಬೇಕೋ ಈ ವಯಸ್ಸಿಗೂ ನನಗೆ ತಿಳಿದಿಲ್ಲ.

ಹೊಸಗನ್ನಡಿ · 12:15

ಸರಿ, ಕೊಟ್ಟದ್ದು ಜನರನ್ನು ಅಂತಾಯಿತು. ಹಾಗಾದರೆ ನೆಲ ಹೋದದ್ದು ಹೇಗೆ? ಕೊನೆಯಲ್ಲಿ ಸಾವಿರಾರು ಎಕರೆಯ ಅಸಿಯೆಂಡಾಗಳು, ಅಂದರೆ ಸ್ಪೇನಿನವರ ದೊಡ್ಡ ಜಮೀನುಗಳು, ಎದ್ದು ನಿಂತಿದ್ದು ನಿಜ ತಾನೇ?

ನಿಷ್ಪಕ್ಷಪಾತಿ · 12:40

ನಾನೊಂದು ಮಾತು ಸೇರಿಸುತ್ತೇನೆ, ಬೈಯಬೇಡಿ. ಸ್ಪೇನಿನ ವಿರುದ್ಧದ ಈ ಕಥೆಗಳಲ್ಲಿ ಅರ್ಧಕ್ಕರ್ಧ ಇಂಗ್ಲಿಷರು, ಡಚ್ಚರು ಉಬ್ಬಿಸಿದ್ದು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಸ್ಪೇನಿನವರ ಕ್ರೌರ್ಯದ ಬಗ್ಗೆ 1552ರಲ್ಲಿ ಅಚ್ಚು ಹಾಕಿಸಿದ ಪುಸ್ತಕವನ್ನು ಅವರು ತಮ್ಮ ಭಾಷೆಗಳಿಗೆ ತಿರುಗಿಸಿ, ಭಯಾನಕ ಚಿತ್ರ ಹಾಕಿ, ತಮ್ಮ ಯುದ್ಧಕ್ಕೆ ಪ್ರಚಾರ ಮಾಡಿಕೊಂಡರು. ಜನ ಸತ್ತದ್ದು ಮುಖ್ಯವಾಗಿ ಸಿಡುಬಿನಿಂದ. ಸ್ಪೇನ್ ಕನಿಷ್ಠ ಚರ್ಚೆಯನ್ನಾದರೂ ಮಾಡಿತು. 1542ರ ಹೊಸ ಕಾನೂನು ಇಂಡಿಯನ್ನರ ಗುಲಾಮಗಿರಿಯನ್ನೇ ನಿಷೇಧಿಸಿತು. 1592ರಲ್ಲಿ ಮೆಕ್ಸಿಕೊದಲ್ಲಿ ಇಂಡಿಯನ್ನರಿಗೆಂದೇ ಪ್ರತ್ಯೇಕ ನ್ಯಾಯಾಲಯ ಬಂತು, ಅವರಿಗೆ ಸರ್ಕಾರಿ ವಕೀಲರು ಸಿಕ್ಕರು. ಬೇರೆ ಯಾವ ಸಾಮ್ರಾಜ್ಯ ಇಷ್ಟು ಮಾಡಿತ್ತು?

ಧಾರವಾಡದ_ಮಳಿ · 12:52

ಆ ನ್ಯಾಯಾಲಯದ ಖರ್ಚು ಯಾರು ಕೊಟ್ರು ಅನ್ನೋದನ್ನೂ ಹೇಳಿಬಿಡ್ರಿ ನಿಷ್ಪಕ್ಷಪಾತಿಯವರ. ಪ್ರತಿ ಇಂಡಿಯನ್ ತೆರಿಗೆದಾರನ ಮ್ಯಾಲ ವರ್ಷಕ್ಕ ಅರ್ಧ ರೆಯಾಲ್ (ಸ್ಪೇನಿನ ಬೆಳ್ಳಿ ನಾಣ್ಯ) ಹೆಚ್ಚಿಗಿ ಹಾಕಿದ್ರು. ತನ್ನ ವಕೀಲನ ಪಗಾರ ತಾನ ಕೊಟ್ಟಂಗಾತು.

ಹಳೇಮೇಷ್ಟ್ರು · 3:20

ಊಟ ಮಾಡಿ ಬಂದೆ. ನಿಷ್ಪಕ್ಷಪಾತಿ ಹೇಳಿದ್ದರಲ್ಲಿ ನಿಜ ಇದೆ. ಸಿಡುಬಿನದು ದೊಡ್ಡ ಪಾಲು, ಅನುಮಾನವೇ ಇಲ್ಲ. ಆದರೆ ಆ ಕಾಲದ ಫ್ರಾನ್ಸಿಸ್ಕನ್ ಪಾದ್ರಿ ಮೊತೊಲಿನಿಯಾ ಮೆಕ್ಸಿಕೊಗೆ ಬಡಿದ ಹತ್ತು ಪಿಡುಗುಗಳನ್ನು ಎಣಿಸುತ್ತಾನೆ. ಮೊದಲನೆಯದು ಸಿಡುಬು. ಮತ್ತೆ ಯುದ್ಧ, ಬರ. ಆಮೇಲೆ ಬರುವುದೇನು? ಮೇಸ್ತ್ರಿಗಳ ಕಾಟ, ಕಪ್ಪ, ಚಿನ್ನದ ಗಣಿ, ಮೆಕ್ಸಿಕೊ ನಗರ ಕಟ್ಟುವ ಕೆಲಸ, ಗುಲಾಮಗಿರಿ, ಗಣಿಗಳಿಗೆ ಹೊರೆ ಹೊರುವುದು. ಕಣ್ಣಾರೆ ಕಂಡ ಪಾದ್ರಿಯ ಲೆಕ್ಕದಲ್ಲೇ ಅರ್ಧಕ್ಕಿಂತ ಹೆಚ್ಚು ದುಡಿಮೆಗೆ, ವಸೂಲಿಗೆ ಸೇರಿದ್ದು. ಬಿತ್ತನೆಯ ಕಾಲಕ್ಕೆ ಗಂಡಸರನ್ನು ಎಳೆದೊಯ್ದರೆ ಹೊಲ ಬೀಳು. ಹಸಿದ ಮೈಗೆ ರೋಗ ಬೇಗ ಹತ್ತುತ್ತದೆ. ಎರಡನ್ನೂ ಬೇರೆ ಮಾಡಿ ತೂಗಲು ಬರುವುದಿಲ್ಲ.

1542ರ ಕಾನೂನಿನ ಗತಿಯನ್ನೂ ನೋಡಿ. ಎನ್ಕೊಮಿಯೆಂಡಾ ಮಗನಿಗೆ ಹೋಗಬಾರದು, ಹಿಡುವಳಿದಾರ ಸತ್ತ ಮೇಲೆ ದೊರೆಗೆ ವಾಪಸ್ ಅಂತ ಅದರಲ್ಲಿತ್ತು. ಪೆರುವಿನ ಎನ್ಕೊಮೆಂದೆರೊಗಳು ದಂಗೆಯೆದ್ದರು, ಮುಂದಾಳು ಗೊನ್ಸಾಲೊ ಪಿಸಾರೊ. ಕಾನೂನು ಜಾರಿಗೆ ಬಂದ ವೈಸರಾಯ್ ಬ್ಲಾಸ್ಕೊ ನೂನ್ಯೆಸ್ ವೆಲಾನನ್ನು 1546ರ ಜನವರಿಯಲ್ಲಿ ಕಿತೊ ಬಳಿ ಕೊಂದರು. ಮೆಕ್ಸಿಕೊದಲ್ಲಿ ಅಧಿಕಾರಿ ಜಾಣ, ಜಾರಿ ಮಾಡದೆ ತಡೆಹಿಡಿದ. 1545ರಲ್ಲಿ ದೊರೆಯೇ ಆ ಕಲಮನ್ನು ಹಿಂತೆಗೆದುಕೊಂಡ. ಪಿಸಾರೊನ ತಲೆ 1548ರಲ್ಲಿ ಉರುಳಿತು, ಅದು ಸರಿ. ಅವನು ಯಾವುದಕ್ಕಾಗಿ ಬಂಡೆದ್ದನೋ ಅದು ಉಳಿಯಿತು.

ಲಾಸ್ ಕಾಸಾಸ್ ಬಗ್ಗೆಯೂ ಒಂದು ಮಾತು. ಅವನೂ ಮೊದಲು ಎನ್ಕೊಮೆಂದೆರೊ. 1514ರಲ್ಲಿ ಬಿಟ್ಟ. ಇಂಡಿಯನ್ನರನ್ನು ಉಳಿಸಲು ಆಫ್ರಿಕದ ಗುಲಾಮರನ್ನು ತರಿಸಿ ಅಂತ ಸಲಹೆ ಕೊಟ್ಟು ಆಮೇಲೆ ಪಶ್ಚಾತ್ತಾಪಪಟ್ಟ. ಅವನನ್ನು ಸಂತನ ಪೀಠದಲ್ಲಿ ಕೂರಿಸಬೇಕಾಗಿಲ್ಲ. ಹಾಗಂತ ಅವನು ಬರೆದದ್ದೆಲ್ಲ ಡಚ್ಚರ ಕಟ್ಟುಕಥೆಯೂ ಆಗುವುದಿಲ್ಲ.

ಹಳೇಮೇಷ್ಟ್ರು · 3:48

ಹೊಸಗನ್ನಡಿಯವರ ಪ್ರಶ್ನೆ ಮರೆತೆ. ನೆಲ ಹೋದದ್ದು ಹಿತ್ತಿಲ ಬಾಗಿಲಿಂದ.

ಜನ ಸತ್ತು ಊರುಗಳು ಬರಿದಾದವು. ಉಳಿದವರನ್ನು ಒಟ್ಟುಗೂಡಿಸಿ ಹೊಸ ಊರುಗಳಲ್ಲಿ ಕೂರಿಸಿದರು. ಮೆಕ್ಸಿಕೊದಲ್ಲಿ ಅದನ್ನು 'ಕೊಂಗ್ರೆಗಸಿಯೊನ್' ಅಂದರು, ಪೆರುವಿನಲ್ಲಿ 'ರೆದುಕ್ಸಿಯೊನ್'. ನೇರ ಬೀದಿ, ನಡುವೆ ಚೌಕ, ಚರ್ಚು, ಪಾದ್ರಿಯ ಕಣ್ಣಳತೆಯಲ್ಲಿ ಮನೆಗಳು. ಪೆರುವಿನಲ್ಲಿ ಫ್ರಾನ್ಸಿಸ್ಕೊ ದೆ ತೊಲೆದೊ 1569ರಿಂದ 1581ರವರೆಗೆ ವೈಸರಾಯ್ ಆಗಿದ್ದ. ಅವನ ಕಾಲದಲ್ಲಿ ಹೀಗೆ ಎತ್ತಂಗಡಿಯಾದವರು ಹತ್ತು ಲಕ್ಷಕ್ಕೂ ಮಿಕ್ಕು. ಆಂಡೀಸ್ ಬೆಟ್ಟಸಾಲಿನ ಕುಟುಂಬಕ್ಕೆ ಒಂದೇ ಕಡೆ ಹೊಲ ಇರುತ್ತಿರಲಿಲ್ಲ. ಮೇಲೆ ಆಲೂಗಡ್ಡೆ, ನಡುವೆ ಜೋಳ, ತಗ್ಗಿನಲ್ಲಿ ಕೋಕಾ, ತೀರಾ ಎತ್ತರದಲ್ಲಿ ಲಾಮಾ ಮೇಯುವ ಹುಲ್ಲು. ಒಂದು ಮೆಟ್ಟಿಲು ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು. ಎಲ್ಲರನ್ನೂ ಒಂದು ಚೌಕದ ಸುತ್ತ ಕೂರಿಸಿದ ಮೇಲೆ ದೂರದ ಮೆಟ್ಟಿಲುಗಳು ಕೈಬಿಟ್ಟವು. ಕೈಬಿಟ್ಟ ನೆಲ ದಾಖಲೆಯಲ್ಲಿ 'ಬೀಳು' ಆಯಿತು. ಬೀಳು ಅಂದರೆ ದೊರೆಯದು. ದೊರೆಯದನ್ನು ದೊರೆ ಯಾರಿಗೆ ಬೇಕಾದರೂ ಕೊಡಬಹುದು.

ಮೆಕ್ಸಿಕೊದಲ್ಲಿ ಇನ್ನೊಂದು ಕಾಟ ಕುರಿ, ದನ. ಸ್ಪೇನಿನಿಂದ ಬಂದ ಮಂದೆಗಳು ಬೇಲಿಯಿಲ್ಲದ ಜೋಳದ ಹೊಲಕ್ಕೆ ನುಗ್ಗಿ ಮೇಯುತ್ತಿದ್ದವು. ಎರಡು ಸಲ ಬೆಳೆ ಹೋದರೆ ಮೂರನೇ ಸಲ ಬಿತ್ತುವವರು ಯಾರು?

ಆಮೇಲೆ ನಿಜವಾದ ಚಮತ್ಕಾರ. 1591ರಲ್ಲಿ ದೊರೆ ಎರಡನೇ ಫಿಲಿಪ್‌ಗೆ ದುಡ್ಡಿನ ಮುಗ್ಗಟ್ಟು. ಸರಿಯಾದ ಪತ್ರವಿಲ್ಲದೆ ನೆಲ ಅನುಭವಿಸುತ್ತಿರುವವರು ಖಜಾನೆಗೆ ಇಷ್ಟು ಕಟ್ಟಿದರೆ ಪತ್ರ ಮಾಡಿಕೊಡುತ್ತೇವೆ ಅಂತ ಆಜ್ಞೆ ಬಂತು, 'ಕೊಂಪೊಸಿಸಿಯೊನ್' ಅಂತ ಅದರ ಹೆಸರು. ನಮ್ಮ ಅಕ್ರಮ-ಸಕ್ರಮ. ಒತ್ತುವರಿ ಮಾಡಿದವನ ಹತ್ತಿರ ದುಡ್ಡಿತ್ತು, ಕಟ್ಟಿ ಪತ್ರ ಮಾಡಿಸಿಕೊಂಡ.

ಎಲ್ಲ ಕಡೆ ಹೀಗಾಗಲಿಲ್ಲ ಅಂತಲೂ ಬರೆಯಿರಿ. ಓಹಾಕಾ ಸೀಮೆಯಲ್ಲಿ ಮೂಲನಿವಾಸಿ ಊರುಗಳು ವಸಾಹತು ಕಾಲದುದ್ದಕ್ಕೂ ಬಹುಪಾಲು ನೆಲ ಉಳಿಸಿಕೊಂಡವು.

ರಾಗಿಮುದ್ದೆ · 3:55

ಅಕ್ರಮ-ಸಕ್ರಮ 😀 ಇದನ್ನೇ ಅನುವಾದದಲ್ಲಿ ಹಾಕಿ, ಹುಡುಗರಿಗೆ ಜನ್ಮದಲ್ಲಿ ಮರೆಯಲ್ಲ.

ಆಂಡೀಸ್_ಅಲೆಮಾರಿ · ಶನಿವಾರ, ರಾತ್ರಿ 9:30

ಮಿತಾ ವಿಷಯಕ್ಕೆ ನಾನು. ಕೆಲಸದ ಮೇಲೆ ದಕ್ಷಿಣ ಅಮೆರಿಕದಲ್ಲಿದ್ದಾಗ ಬೊಲಿವಿಯಾದ ಪೊತೊಸಿಗೆ ಹೋಗಿದ್ದೆ, ಆ ಕಾಲಕ್ಕೆ ಅದು ಪೆರುವಿಗೇ ಸೇರಿತ್ತು. ಊರೇ 4,000 ಮೀಟರ್ ಎತ್ತರದಲ್ಲಿದೆ. ಹೋಟೆಲಿನ ಎರಡು ಮೆಟ್ಟಿಲು ಹತ್ತಿದರೆ ನನಗೆ ಎದೆ ಡವಡವ. ಬೆನ್ನ ಹಿಂದೆ ಕೆಂಪು-ಕಂದು ಬಣ್ಣದ ಸೆರ್ರೊ ರಿಕೊ ಬೆಟ್ಟ, ಗೆದ್ದಲು ತಿಂದ ಹುತ್ತದ ಹಾಗೆ ತೂತುತೂತು. ಇವತ್ತಿಗೂ ಸಹಕಾರಿ ಸಂಘಗಳ ಕೆಲಸಗಾರರು ಅಲ್ಲಿ ಅಗೆಯುತ್ತಾರೆ. ಒಳಗೆ 'ಎಲ್ ತಿಯೊ' ಅಂತ ಕೊಂಬಿನ ಮಣ್ಣಿನ ಮೂರ್ತಿ. ಬಾಯಿಗೆ ಸಿಗರೇಟು, ಮಡಿಲಿಗೆ ಕೋಕಾ ಎಲೆ, ಕಾಲ ಬಳಿ ಸಾರಾಯಿ. ಮೇಲೆ ದೇವರು, ನೆಲದೊಳಗೆ ಇವನದೇ ದರಬಾರು ಅಂತ ಜೊತೆಗಿದ್ದ ಕೆಲಸಗಾರ ಹೇಳಿದ. ತಾನೂ ಒಂದು ಸಿಗರೇಟು ಹಚ್ಚಿ ಮೂರ್ತಿಯ ಬಾಯಿಗಿಟ್ಟ.

ಅಲ್ಲಿ ಬೆಳ್ಳಿ ಕಂಡದ್ದು 1545ರಲ್ಲಿ. ಮೊದಮೊದಲು ಮೇಲ್ಪದರದ ಅದಿರು, ಗಾಳಿ ಒಲೆಯಲ್ಲಿ ಮೂಲನಿವಾಸಿಗಳೇ ಕರಗಿಸುತ್ತಿದ್ದರು, ಲಾಭದಲ್ಲಿ ಅವರಿಗೂ ಪಾಲಿತ್ತು. ಅದು ಮುಗಿಯಿತು. ಆಳದ ಕಳಪೆ ಅದಿರಿನಿಂದ ಬೆಳ್ಳಿ ತೆಗೆಯಲು ಪಾದರಸ ಬೇಕು, ಅದು ಉವಾಂಕವೆಲಿಕಾದಲ್ಲಿ ಸಿಕ್ಕಿತ್ತು. ಇನ್ನು ಬೇಕಾದದ್ದು ಅಗ್ಗದ ಆಳು. ತೊಲೆದೊ 1573ರಲ್ಲಿ ಮಿತಾ ಹೇರಿದ. ಕುಸ್ಕೊ ಆಸುಪಾಸಿನಿಂದ ಹಿಡಿದು ದಕ್ಷಿಣಕ್ಕೆ ಹರಡಿದ್ದ ಪ್ರಾಂತ್ಯಗಳ ವಯಸ್ಕ ಗಂಡಸರಲ್ಲಿ ಏಳರಲ್ಲಿ ಒಂದು ಪಾಲು ಪ್ರತಿ ವರ್ಷ ಪೊತೊಸಿಗೆ. ಒಟ್ಟು 13,000ಕ್ಕಿಂತ ಹೆಚ್ಚು. ಅದರಲ್ಲಿ ಮೂರನೇ ಒಂದು ಪಾಲು ಒಂದು ವಾರ ದುಡಿದರೆ ಎರಡು ವಾರ ಬಿಡುವು, ಕಾಗದದ ಮೇಲೆ.

ಹೆಸರು ಹಳೆಯದೇ. 'ಮಿತ್ಅ' ಅಂದರೆ ಕೆಚುವಾ ಭಾಷೆಯಲ್ಲಿ ಸರದಿ. ಇಂಕಾ ದೊರೆಗಳೂ ಸರದಿಯ ಮೇಲೆ ಜನರನ್ನು ದುಡಿಸುತ್ತಿದ್ದರು, ಆದರೆ ದುಡಿಯುವಷ್ಟು ದಿನ ಊಟ, ಕುಡಿತ ದೊರೆಯ ಕಣಜದಿಂದ. ಸ್ಪೇನಿನವರು ಹೆಸರನ್ನು ಉಳಿಸಿಕೊಂಡು ಕಣಜ ಮುಚ್ಚಿದರು.

ಟಿಟಿಕಾಕಾ ಸರೋವರದ ದಡದ ಚುಕುಯಿತೊದಿಂದ ಜನ ಹೊರಡುವುದನ್ನು ಎರಡು ಸಲ ನೋಡಿದ ಒಬ್ಬ ಸ್ಪೇನಿನವನು 1600ರ ಆಸುಪಾಸಿನಲ್ಲಿ ಬರೆದಿಟ್ಟಿದ್ದಾನೆ. ಹೋಗಬೇಕಾದವರು 2,200 ಗಂಡಸರು. ಹೊರಟವರು 7,000ಕ್ಕೂ ಹೆಚ್ಚು, ಹೆಂಡತಿ ಮಕ್ಕಳೆಲ್ಲ ಸೇರಿ. ಒಬ್ಬೊಬ್ಬನ ಜೊತೆ ಎಂಟು ಹತ್ತು ಲಾಮಾ. ದಾರಿ ಎರಡು ತಿಂಗಳದು. ಅದನ್ನು ಓದಿದ ಮೇಲೆ ನನಗೆ ಆ ಬೆಟ್ಟಕ್ಕಿಂತ ಆ ದಾರಿಯೇ ಕಣ್ಣಿಗೆ ಕಟ್ಟಿದೆ. ಊರಿಗೆ ಊರೇ ಗಂಟುಮೂಟೆ ಕಟ್ಟಿ ನಡೆಯುವ ಮೆರವಣಿಗೆ, ಪ್ರತಿ ವರ್ಷ, ಇನ್ನೂರು ವರ್ಷಕ್ಕೂ ಮೇಲೆ.

ಗಣಿಯೊಳಗೆ ಹೋಗಿಬಂದ ಜೆಸ್ವಿಟ್ ಪಾದ್ರಿ ಹೊಸೆ ದೆ ಅಕೊಸ್ತಾನ ವಿವರಣೆಯಲ್ಲಿ ಆಳುಗಳು ತೊಗಲಿನ ಏಣಿ ಹಿಡಿದು ಒಬ್ಬರ ಹಿಂದೆ ಒಬ್ಬರು ಏರುತ್ತಾರೆ. ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿದ ಎರಡು ಅರ್ರೋಬಾ ಅದಿರು, ಅಂದರೆ ಸುಮಾರು 23 ಕಿಲೊ. ಮುಂದಿನವನ ಹೆಬ್ಬೆರಳಿಗೆ ಕಟ್ಟಿದ ಮೇಣದಬತ್ತಿಯೇ ಬೆಳಕು. ಕತ್ತಲಲ್ಲಿ ಎರಡೂ ಕೈ ಏಣಿಗೆ ಬೇಕು, ಅದಕ್ಕೇ ಬತ್ತಿ ಹೆಬ್ಬೆರಳಿಗೆ.

ಬಿಟ್ಟಿಯೋ ಅಲ್ಲವೋ ಅಂದಿರಿ. ಮಿತಾದವನಿಗೆ ಕೂಲಿ ಇತ್ತು. ಆದರೆ ಅದೇ ಗಣಿಯಲ್ಲಿ ಸ್ವಂತ ಇಚ್ಛೆಯಿಂದ ದುಡಿಯುವ 'ಮಿಂಗಾ'ನಿಗೆ ಇದಕ್ಕಿಂತ ಬಹಳ ಜಾಸ್ತಿ. ಮಿತಾ ಕೂಲಿಯಲ್ಲಿ ಪೊತೊಸಿಯಲ್ಲಿ ಹೊಟ್ಟೆ ಹೊರೆಯಲಾಗದೆ ಬಿಡುವಿನ ಎರಡು ವಾರ ಮಿಂಗಾ ಆಗಿ ಅದೇ ಗಣಿಗೆ ಇಳಿಯುತ್ತಿದ್ದರು.

ಕಡಲತಡಿ · ಶನಿವಾರ, ರಾತ್ರಿ 10:02

ಓದಿ ಸುಮ್ಮನೆ ಕೂತೆ ಮಾರಾಯ್ರೆ. ಆ ಬೆಳ್ಳಿ ಸೀದಾ ನಮ್ಮ ಕಡಲಿಗೂ ಬಂದಿದೆ. ಪೊತೊಸಿ, ಮೆಕ್ಸಿಕೊ ಬೆಳ್ಳಿಯ ನಾಣ್ಯ ಯುರೋಪಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಗೋವೆಗೆ. ಪೋರ್ಚುಗೀಸರು ನಮ್ಮ ಕರಾವಳಿಯ ಮೆಣಸು, ಅಕ್ಕಿ ಕೊಳ್ಳುತ್ತಿದ್ದರಲ್ಲ, ಅವರ ಕೈಯಲ್ಲಿ ಕೊಡಲಿಕ್ಕೆ ಇದ್ದದ್ದು ಹೆಚ್ಚಾಗಿ ಬೆಳ್ಳಿಯೇ. ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಆಚೆಯದೇ ಅಂತ ಎಲ್ಲರಿಗೂ ಗೊತ್ತು, ಬೆಳ್ಳಿಯ ವಿಚಾರ ಯಾರೂ ಎತ್ತುವುದಿಲ್ಲ.

ನಿಷ್ಪಕ್ಷಪಾತಿ · ಭಾನುವಾರ, ಬೆಳಗ್ಗೆ 8:15

ಮಿತಾ ಕೆಟ್ಟದ್ದು, ಒಪ್ಪಿದೆ. ಆದರೆ ನೀವೆಲ್ಲ ಮೂಲನಿವಾಸಿಗಳನ್ನು ಬರೀ ಹೊಡೆತ ತಿಂದವರ ಹಾಗೆ ಚಿತ್ರಿಸುತ್ತಿದ್ದೀರಿ. ಅವರು ಕೋರ್ಟಿಗೆ ಹೋದರು, ಗೆದ್ದರೂ ಸಹ. ಅದನ್ನೂ ಬರೆಯಬೇಕು.

ಹಳೇಮೇಷ್ಟ್ರು · ಭಾನುವಾರ, 9:40

ಈ ಮಾತಿಗೆ ನನ್ನ ಪೂರ್ತಿ ಸಹಮತ. ಮೆಕ್ಸಿಕೊದ ವೆಹೊತ್ಸಿಂಕೊ ಊರಿನವರು 1531ರ ಒಂದು ಮೊಕದ್ದಮೆಗೆ ತಮ್ಮದೇ ತೊಗಟೆ ಕಾಗದದ ಮೇಲೆ ಚಿತ್ರ ಬರೆದು ಸಾಕ್ಷಿ ಕೊಟ್ಟರು. ಕೊಟ್ಟ ಜೋಳ, ಮೆಣಸಿನಕಾಯಿ, ಟರ್ಕಿ ಕೋಳಿ, ಬಟ್ಟೆ ಎಲ್ಲದರ ಲೆಕ್ಕ ಅದರಲ್ಲಿದೆ. ಚಿನ್ನ, ಗರಿಗಳಲ್ಲಿ ಮಾಡಿದ ಮೇರಿ ಮಾತೆಯ ಧ್ವಜವೂ ಇದೆ. ಆ ಚಿನ್ನ ಹೊಂದಿಸಲು ಮಾರಿದ ಗುಲಾಮರ ತಲೆಗಳೂ ಸಾಲಾಗಿ ಇವೆ. ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಆದರೆ ಆ ಮೊಕದ್ದಮೆ ಹೂಡಿದ್ದು ಯಾರು ಗೊತ್ತೇ? ಕೊರ್ತೆಸ್. ತಾನು ಇಲ್ಲದಾಗ ತನ್ನ ಎನ್ಕೊಮಿಯೆಂಡಾದಿಂದ ಬೇರೆ ಅಧಿಕಾರಿಗಳು ತಿಂದರು ಅಂತ ಅವನ ದೂರು. ಊರಿನವರು ಸಾಕ್ಷಿಗಳು ಮಾತ್ರ.

ಪೆರುವಿನಲ್ಲಿ ಗುವಾಮನ್ ಪೋಮಾ ಎಂಬ ಮುದುಕ 1615ರ ಹೊತ್ತಿಗೆ ಸುಮಾರು 1,200 ಪುಟದ ಪತ್ರವನ್ನು ದೊರೆ ಮೂರನೇ ಫಿಲಿಪ್‌ಗೆ ಬರೆದ, 398 ಚಿತ್ರ ಸಮೇತ. ಎನ್ಕೊಮೆಂದೆರೊ, ಪಾದ್ರಿ, ಗಣಿ ಮಾಲೀಕ, ಕಪ್ಪ ತಿನ್ನುವ ತನ್ನವರೇ ಆದ ಮುಖಂಡರು, ಯಾರನ್ನೂ ಬಿಟ್ಟಿಲ್ಲ. ಪತ್ರ 1908ರಲ್ಲಿ ಕೋಪನ್‌ಹೇಗನ್‌ನ ರಾಜರ ಗ್ರಂಥಾಲಯದಲ್ಲಿ ಸಿಕ್ಕಿತು. ಅರ್ಜಿ ವಿಲೇವಾರಿಗೆ ಹೊತ್ತು ಹಿಡಿಯುತ್ತದೆ ಅಂತ ನಮ್ಮ ಕಚೇರಿಗಳನ್ನು ಬೈಯುವಾಗೆಲ್ಲ ಇವನು ನೆನಪಾಗುತ್ತಾನೆ.

ಕೋರ್ಟಿಗಿಂತ ಜಾಸ್ತಿ ಜನ ಹಿಡಿದ ದಾರಿ ಬೇರೆ. ಒಕ್ಕಲೆದ್ದು ಹೋದರು.

ಹೊಸಗನ್ನಡಿ · 9:52

ಅದನ್ನು ಸ್ವಲ್ಪ ಬಿಡಿಸಿ ಹೇಳಿ ಮೇಷ್ಟ್ರೇ, ನನ್ನ ಅಧ್ಯಾಯದಲ್ಲಿ ಇದಿಲ್ಲವೇ ಇಲ್ಲ.

ಹಳೇಮೇಷ್ಟ್ರು · 10:30

ತೊಲೆದೊ ಮಾಡಿದ ಪಟ್ಟಿಯಲ್ಲಿ ಹೆಸರಿದ್ದದ್ದು ಹುಟ್ಟೂರಿನಲ್ಲಿ. ಆ ಊರಿನಲ್ಲಿ ಇದ್ದರೆ ಮಿತಾಗೆ ಹೋಗಬೇಕು. ಬೇರೆ ಊರಿಗೆ ಹೋದರೆ? ಅಲ್ಲಿ ನೀನು 'ಫೊರಸ್ತೆರೊ', ಹೊರಗಿನವ. ಊರಿನ ನೆಲದಲ್ಲಿ ನಿನಗೆ ಹಕ್ಕಿಲ್ಲ, ಮಿತಾವೂ ಇಲ್ಲ. ಜನ ಲೆಕ್ಕ ಹಾಕಿದರು. ನೆಲ ಬಿಟ್ಟರು, ಜೀವ ಉಳಿಸಿಕೊಂಡರು. ಕೆಲವರು ಪೊತೊಸಿಯಲ್ಲೇ ಉಳಿದು ಮಿಂಗಾ ಆದರು, ಕೆಲವರು ಸ್ಪೇನಿನವರ ಅಸಿಯೆಂಡಾ ಸೇರಿದರು. ಅಸಿಯೆಂಡಾ ಮಾಲೀಕನಿಗೆ ಖುಷಿ, ಮಿತಾ ಪಟ್ಟಿಯಿಂದ ತಪ್ಪಿಸಿಕೊಂಡ ಆಳು ಅವನಿಗೆ ಪುಕ್ಕಟೆ ಒಕ್ಕಲು. ಒಂದು ಬಲೆಯಿಂದ ಜಾರಿದ ಮೀನು ಇನ್ನೊಂದರಲ್ಲಿ.

ಊರಿನಲ್ಲಿ ಉಳಿದವರ ಗತಿ ನೋಡಿ. ಪಟ್ಟಿ ಹಳೆಯದು, ಸಂಖ್ಯೆ ಹಳೆಯದು, ಆಳುಗಳು ಅರ್ಧ. ಏಳು ವರ್ಷಕ್ಕೊಮ್ಮೆ ಬರಬೇಕಾದ ಸರದಿ ಎರಡು ಮೂರು ವರ್ಷಕ್ಕೇ ಬರತೊಡಗಿತು. ತಲೆ ಎಣಿಕೆ ಭರ್ತಿಯಾಗದಿದ್ದರೆ ಊರಿನ ಮುಖಂಡ 'ಕುರಾಕಾ' ಕೈಯಿಂದ ಹಣ ಕಟ್ಟಬೇಕು. ಗಣಿ ಮಾಲೀಕ ಆ ಹಣದಲ್ಲಿ ಬದಲಿ ಆಳು ಇಟ್ಟುಕೊಳ್ಳಬೇಕಿತ್ತು. ಅನೇಕರು ಇಟ್ಟುಕೊಳ್ಳದೆ ಹಣ ಜೇಬಿಗಿಳಿಸಿದರು. ಅಂಥ ಬರೀ ಲೆಕ್ಕದ ಆಳುಗಳಿಗೆ ಪೊತೊಸಿಯವರೇ ಇಟ್ಟ ಹೆಸರು 'ಜೇಬಿನ ಇಂಡಿಯನ್ನರು'. ಗಣಿ ಬತ್ತಿದರೂ ಮಿತಾ ಬತ್ತಲಿಲ್ಲ, ಯಾಕೆಂದರೆ ಕೆಲವರಿಗೆ ಗಣಿಗಿಂತ ಮಿತಾದಲ್ಲೇ ಹುಟ್ಟುವಳಿ ಹೆಚ್ಚು.

1683ರಲ್ಲಿ ವೈಸರಾಯ್ ಲಾ ಪಲಾತಾ ಹೊಸ ಎಣಿಕೆ ಮಾಡಿಸಿ ಫೊರಸ್ತೆರೊಗಳನ್ನೂ ಪಟ್ಟಿಗೆ ಸೇರಿಸಲು ಹೊರಟ. ಸುದ್ದಿ ಕೇಳಿ ಜನ ಮತ್ತೆ ಚದುರಿದರು. ಯೋಜನೆ ನೆಲಕಚ್ಚಿತು.

ಆಂಡೀಸ್_ಅಲೆಮಾರಿ · 11:10

ಇದರ ಗುರುತು ಇವತ್ತಿಗೂ ಅಳಿಸಿಲ್ಲ. ಮೆಲಿಸ್ಸಾ ಡೆಲ್ ಎಂಬ ಅರ್ಥಶಾಸ್ತ್ರಜ್ಞೆ 2010ರಲ್ಲಿ ಪೆರುವಿನ ಮಿತಾ ಗಡಿಯ ಎರಡೂ ಪಕ್ಕದ ಊರುಗಳನ್ನು ಹೋಲಿಸಿ ನೋಡಿದರು. ಮಿತಾ ಇದ್ದ ಕಡೆ ಮನೆ ಖರ್ಚಿನ ಮಟ್ಟ ಸುಮಾರು 25 ಶೇಕಡ ಕಡಿಮೆ, ಕುಂಠಿತ ಬೆಳವಣಿಗೆಯ ಮಕ್ಕಳು ಸುಮಾರು 6 ಶೇಕಡಾಂಶ ಜಾಸ್ತಿ. ಅವರ ವಿವರಣೆ ವಿಚಿತ್ರವಾಗಿದೆ: ಮಿತಾ ಸೀಮೆಯೊಳಗೆ ಆಳಿಗಾಗಿ ಪೈಪೋಟಿ ಬೇಡ ಅಂತ ಸರ್ಕಾರ ಅಸಿಯೆಂಡಾಗಳನ್ನು ಬೆಳೆಯಗೊಡಲಿಲ್ಲ. ಗಡಿಯಾಚೆ ಅಸಿಯೆಂಡಾ ಮಾಲೀಕರು ತಮ್ಮ ಲಾಭಕ್ಕಾದರೂ ರಸ್ತೆ ಮಾಡಿಸಿಕೊಂಡರು. ಮಿತಾ ಊರುಗಳಿಗೆ ಅದೂ ಇಲ್ಲ.

ಧಾರವಾಡದ_ಮಳಿ · 11:25

ಅಂದ್ರ ಅಸಿಯೆಂಡಾ ಚಲೋ ಇತ್ತು ಅಂತಾತೇನ್ರಿ? ನನಗಿದು ಗಂಟಲಾಗ ಇಳಿಯಂಗಿಲ್ಲ. ಬೊಲಿವಿಯಾದ ಅಸಿಯೆಂಡಾದಾಗ 'ಪೊಂಗೊ' ಅಂತ ಇದ್ರು. ಪುಂಕು ಅಂದ್ರ ಕೆಚುವಾದಾಗ ಬಾಗಿಲ. ಒಡೆಯರ ಮನಿಯಾಗ ಸರದಿ ಮ್ಯಾಲ ಚಾಕರಿ ಮಾಡಿ ರಾತ್ರಿ ಬಾಗಲದಾಗ ಮಲಗಾಂವ. ಹೆಣ್ಣಾಳಿಗೆ 'ಮಿತಾನಿ'. ನೋಡ್ರಿ, ಮಿತಾ ಗಣಿಯಿಂದ ಎದ್ದು ಒಡೆಯನ ಅಡಗಿ ಮನಿಗೆ ಬಂದು ಕುಂತಿತ್ತು. ಸ್ಪೇನಿನ ಕಾದಿಸ್ ಸಂಸತ್ತು 1812ರಾಗ ಮಿತಾ ರದ್ದು ಮಾಡ್ತು, ಸ್ಪೇನಿನ ಆಳ್ವಿಕಿ ಕಿತ್ತೊಗೆದ ಬೊಲಿವಾರ್ 1825ರಾಗ ಮತ್ತೊಮ್ಮೆ ರದ್ದು ಮಾಡಿದ. ಈ ಬಾಗಲ ಚಾಕರಿ ಮಾತ್ರ 1945ರ ತನಕ ಕಾಯ್ದೆಸೀರ. ಆಗ ರದ್ದು ಮಾಡಿದ ಅಧ್ಯಕ್ಷ ವಿಯಾರೊಯೆಲ್‌ನ್ನ ಮರುವರ್ಷ ಜನರ ಗುಂಪು ದೀಪದ ಕಂಬಕ್ಕ ನೇತುಹಾಕಿತು. ಖರೇ ಅಂದ್ರ ಅದು ಹೋಗಿದ್ದು 1952ರ ಕ್ರಾಂತಿ, 1953ರ ಭೂಸುಧಾರಣೆ ಆದಮ್ಯಾಲ.

ಆಂಡೀಸ್_ಅಲೆಮಾರಿ · 11:40

ಚಲೋ ಅಂತಲ್ಲ. ಬೆಂಕಿಗಿಂತ ಬಾಣಲೆ ವಾಸಿ ಅನ್ನುವಷ್ಟೇ.

ನಿಷ್ಪಕ್ಷಪಾತಿ · 12:05

ದಂಗೆಗಳನ್ನು ಯಾರೂ ಎತ್ತಲಿಲ್ಲ. 1780ರ ತುಪಾಕ್ ಅಮಾರು?

ಹಳೇಮೇಷ್ಟ್ರು · 12:50

ಅದಕ್ಕೇ ಒಂದು ಅಧ್ಯಾಯ ಬೇಕು. ಚಿಕ್ಕದಾಗಿ ಹೇಳುತ್ತೇನೆ. ತುಪಾಕ್ ಅಮಾರುವಿನ ಮೂಲ ಹೆಸರು ಹೊಸೆ ಗಾಬ್ರಿಯೆಲ್ ಕೊಂದೊರ್ಕಂಕಿ, ಕುಸ್ಕೊ ಬಳಿಯ ಕುರಾಕಾ, ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವ ವ್ಯಾಪಾರಿ. ಪೊತೊಸಿ ದಾರಿಯಲ್ಲಿ ಓಡಾಡಿದವನಿಗೆ ಮಿತಾ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತನ್ನ ಊರುಗಳನ್ನು ಮಿತಾದಿಂದ ಬಿಡಿಸಿ ಅಂತ 1777ರಲ್ಲಿ ಲಿಮಾದಲ್ಲಿ ಅರ್ಜಿ ಹಾಕಿ ಕಾದ. ಆಗಲಿಲ್ಲ. ಇದರ ಮೇಲೆ ಜಿಲ್ಲಾಧಿಕಾರಿಗಳು ಬಲವಂತದ ಮಾರಾಟ ನಡೆಸುತ್ತಿದ್ದರು. ಬೇಕೋ ಬೇಡವೋ, ಹೇಸರಗತ್ತೆ, ಬಟ್ಟೆ ಅವರು ಹೇಳಿದ ಬೆಲೆಗೆ ಕೊಳ್ಳಲೇಬೇಕು. ಇದರ ಹೆಸರು 'ರೆಪಾರ್ತೊ'. 'ರೆಪಾರ್ತಿಮಿಯೆಂತೊ' ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಅದು ಮೆಕ್ಸಿಕೊದಲ್ಲಿ ಆಳು ಹಂಚುವುದು, ಇದು ಸರಕು ಹೇರುವುದು. 1780ರ ನವೆಂಬರಿನಲ್ಲಿ ಅವನು ಜಿಲ್ಲಾಧಿಕಾರಿ ಅರ್ರಿಯಾಗಾನನ್ನು ಹಿಡಿದು ಊರ ಚೌಕದಲ್ಲಿ ಗಲ್ಲಿಗೇರಿಸಿದ. 1781ರ ಮೇ 18ರಂದು ಕುಸ್ಕೊದ ಚೌಕದಲ್ಲಿ ಅವನನ್ನೂ ಹೆಂಡತಿ ಮಿಕಾಯೆಲಾ ಬಸ್ತಿದಾಸಳನ್ನೂ ಕೊಂದರು. ದಂಗೆಯ ದಂಡಿಗೆ ಊಟ, ಆಯುಧ, ಸುದ್ದಿ ಎಲ್ಲ ನೋಡಿಕೊಂಡವಳು ಅವಳೇ.

ಹೊಸಗನ್ನಡಿ · ಭಾನುವಾರ, ಸಂಜೆ 6:30

ಎಲ್ಲರಿಗೂ ಕೈಮುಗಿದೆ. ಪದಕ್ಕೆ ಬರೋಣ. ನಿನ್ನೆ ರಾತ್ರಿ ಒಂದು ಹೊಳೆಯಿತು. ಆಳು + ಉಂಬಳಿ = ಆಳುಂಬಳಿ. ನೆಲದ ಉಂಬಳಿಯಲ್ಲ, ಆಳಿನ ಉಂಬಳಿ. ಹೇಗಿದೆ?

ಧಾರವಾಡದ_ಮಳಿ · 6:41

ಆಹಾ. 'ಆಳು' ಅಂದ್ರ ಆಳ್ವಿಕಿನೂ ಆತು, ಕೂಲಿ ಆಳೂ ಆತು. ಜಹಗೀರು ವಾಪಸ್ ತಗೊಂಡೆ.

ಹಳೇಮೇಷ್ಟ್ರು · 7:02

ಒಪ್ಪಿದೆ. ಮೊದಲ ಸಲ ಬಂದಾಗ ಮೂಲ ಪದವನ್ನೂ ಪಕ್ಕದಲ್ಲಿ ಕೊಡಿ. ಮಿತಾಗೆ 'ಬಿಟ್ಟಿ' ಬೇಡ, ಕೂಲಿ ಇತ್ತು. 'ಜೀತ'ವೂ ಬೇಡ, ಜೀತಕ್ಕೆ ಸಾಲದ ವಾಸನೆ ಇದೆ, ಇಲ್ಲಿ ಸಾಲ ಇರಲಿಲ್ಲ. ಮಿತಾ ಮಿತಾ ಆಗಿಯೇ ಇರಲಿ.

ರಾಗಿಮುದ್ದೆ · 7:05

ಮಿತವೇ ಇಲ್ಲದ್ದಕ್ಕೆ ಮಿತಾ ಅಂತ ಹೆಸರು. ಹುಡುಗರು ಪರೀಕ್ಷೆಯಲ್ಲಿ 'ಮಿತವಾಗಿ ದುಡಿಸುವ ಪದ್ಧತಿ' ಅಂತ ಬರೆಯದಿದ್ದರೆ ಕೇಳಿ.

ಹೊಸಗನ್ನಡಿ · 7:20

ಹಾಹಾ, ಹಾಗಾದರೆ 'ಗಣಿಸರದಿ' ಅಂತ ಮಾಡುತ್ತೇನೆ. ಇನ್ನೊಂದು ಉಳಿಯಿತು. ಫೊರಸ್ತೆರೊಗೆ ಮೇಷ್ಟ್ರ 'ಒಕ್ಕಲೆದ್ದವ' ಇಟ್ಟುಕೊಳ್ಳಲೇ?

ಹಳೇಮೇಷ್ಟ್ರು · 7:44

ಬೇಡ ಅನ್ನಿಸುತ್ತಿದೆ. ಒಕ್ಕಲೆದ್ದವ ಅಂದರೆ ಬಿಟ್ಟು ಬಂದ ಊರಿನ ಕಡೆಯಿಂದ ನೋಡಿದ ಹಾಗೆ. ಫೊರಸ್ತೆರೊ ಅನ್ನುವುದು ಸೇರಿಕೊಂಡ ಊರಿನವರ ಬಾಯಿಂದ ಬಂದ ಮಾತು. ಅಲ್ಲೇ ಹುಟ್ಟಿದ ಮೊಮ್ಮಗನಿಗೂ ಅದೇ ಹೆಸರು. ಅವನು ಯಾವ ಒಕ್ಕಲಿನಿಂದ ಎದ್ದ?

ಕಡಲತಡಿ · 8:10

ಬಂದೊಕ್ಕಲು ಅನ್ನಿ. ಊರಿನವರಿಗೆ ಇದ್ದೊಕ್ಕಲು.

ಹೊಸಗನ್ನಡಿ · 8:12

ಬಂದೊಕ್ಕಲು, ಇದ್ದೊಕ್ಕಲು. ತಗೊಂಡೆ. ಬಂದೊಕ್ಕಲ ಬಗ್ಗೆ ಎರಡು ಪುಟ ಸೇರಿಸುತ್ತಿದ್ದೇನೆ, ಬರೆದು ಇಲ್ಲೇ ಹಾಕುತ್ತೇನೆ. ಮೇಷ್ಟ್ರು ಕೆಂಪು ಶಾಯಿ ತಯಾರಿಟ್ಟುಕೊಳ್ಳಿ.

ಧಾರವಾಡದ_ಮಳಿ · 8:15

ಅಸಿಯೆಂಡಾಕ್ಕ ಪದ ಉಳೀತಲ್ರಿ?